ರೇಷ್ಮೆ ಹುಳುವಿನ ಕಾರಿಗೆ ಹೀಟರ್ ಕೂರಿಸಿದ್ದು

ತುಮಕೂರಿನಲ್ಲಿ ಕಾರಿನ ಹೀಟರ್ ರಿಪೇರಿಗೆಂದು ಯಾರೂ ಬರುವುದಿಲ್ಲ. ನಮ್ಮ ಕಡೆಯ ಚಳಿಗೆ ಕಿಟಕಿ ಗಾಜು ಏರಿಸಿಕೊಂಡರೆ ಸಾಕು. ಹಳೆಯ ಕಾರಿನ ಹೀಟರ್ ಸೋರತೊಡಗಿದರೆ ನಾವು ಮೆಕ್ಯಾನಿಕ್‌ಗಳು ಮಾಡುತ್ತಿದ್ದುದು ಒಂದೇ ಕೆಲಸ, ಬೈಪಾಸ್. ಎಂಜಿನ್ನಿನಿಂದ ಹೀಟರಿಗೆ ಬಿಸಿನೀರು ಒಯ್ಯುವ ಪೈಪನ್ನೂ ಅಲ್ಲಿಂದ ವಾಪಸು ತರುವ ಪೈಪನ್ನೂ ಕಿತ್ತು, ಒಂದಕ್ಕೊಂದು ಸೇರಿಸಿ, ಕ್ಲಿಪ್ಪು ಬಿಗಿದು ಕಳಿಸಿಬಿಡುವುದು. ನೀರು ಹೀಟರಿನ ಕಡೆ ತಲೆಯೇ ಹಾಕುವುದಿಲ್ಲ. ಸೋರುವುದೂ ನಿಲ್ಲುತ್ತದೆ, ಹೀಟರೂ ಸತ್ತಂತೆ. ಗಿರಾಕಿಗೆ ಅದು ಗೊತ್ತೂ ಆಗುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದ ಕಾಲ. ಗುಬ್ಬಿ ರಸ್ತೆಯ ನನ್ನ ಗ್ಯಾರೇಜಿನಲ್ಲಿ ಆ ಡಿಸೆಂಬರ್ ಹೊತ್ತಿಗೆ ನಾನೊಬ್ಬನೇ ಉಳಿದಿದ್ದೆ. ಶೆಡ್ಡು ಕಟ್ಟಿದ ದಿನದಿಂದ ಜೊತೆಗಿದ್ದ ಪಾಲುದಾರ ಆಯುಧಪೂಜೆ ಮುಗಿಸಿ, ತನ್ನ ಸ್ಪ್ಯಾನರ್‌ಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು, ಹೈವೇ ಪಕ್ಕ ಹೊಸದಾಗಿ ಎದ್ದ ಕಂಪನಿ ಸರ್ವಿಸ್ ಸೆಂಟರಿಗೆ ಕೆಲಸಕ್ಕೆ ಸೇರಿದ್ದ. ಹೊಸ ಕಾರುಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಹಳೆಯ ಕಾರುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿದ್ದವು. ನಾನು ಬೆಳಿಗ್ಗೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದೆ. ಕೆಲವು ದಿನ ಸಂಜೆ ಹೋಟೆಲಿನಲ್ಲಿ ಟೀ ಕೇಳುವಾಗ, ಬೆಳಗಿನಿಂದ ಬಾಯಿ ಬಿಟ್ಟೇ ಇಲ್ಲವೆಂದು ಹೊಳೆಯುತ್ತಿತ್ತು.

ಅಂಥ ಒಂದು ದಿನ ಕೆನೆ ಬಣ್ಣದ ಹಳೆಯ ಎಸ್ಟೇಟ್ ಕಾರೊಂದು ಬಂದು ನಿಂತಿತು. ಹಿಂದೆ ಉದ್ದನೆಯ ಡಿಕ್ಕಿ, ಡೀಸೆಲ್ ಎಂಜಿನ್. ಆ ಮಾದರಿ ನಿಂತುಹೋಗಿ ಎಷ್ಟೋ ವರ್ಷಗಳಾಗಿದ್ದವು. ಓಡಿಸಿಕೊಂಡು ಬಂದವರು ಐವತ್ತರ ಸಮೀಪದ ಹೆಂಗಸು. ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿದ್ದರು. ಕುಣಿಗಲ್ ಆಚೆ, ಮಾರ್ಕೋನಹಳ್ಳಿ ಹತ್ತಿರದವರಂತೆ.

"ಗಾಜೊಳಗೆ ಎಣ್ಣೆ ಬಳ್ದಂಗೆ ಮಂಜು ಕೂರುತ್ತೆ. ಎಷ್ಟ್ ಒರೆಸಿದ್ರೂ ಹೋಗಲ್ಲ. ಈ ಕಡೆ ಮ್ಯಾಟ್ ಮುಟ್ಟಿ ನೋಡಿ, ಒದ್ದೆ" ಎಂದರು.

ಬಾಗಿಲು ತೆಗೆದ ಕೂಡಲೇ ನನಗೆ ಗೊತ್ತಾಯಿತು. ಬೆಲ್ಲದ ಪಾಕ ಸೀದರೆ ಬರುವಂಥ ಸಿಹಿ ವಾಸನೆ. ರೇಡಿಯೇಟರಿಗೆ ಹಾಕುವ ಹಸಿರು ಕೂಲೆಂಟ್ ಕಾರಿನೊಳಗೆ ಸೋರುತ್ತಿತ್ತು. ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಪುಟ್ಟ ರೇಡಿಯೇಟರಿನಂಥದೊಂದು ಇರುತ್ತದೆ. ಅದೇ ಹೀಟರ್ ಕೋರ್. ಎಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತದೆ, ಫ್ಯಾನು ಅದರ ಮೂಲಕ ಗಾಳಿ ಊದುತ್ತದೆ. ತೂತಾಗಿದ್ದುದು ಅದು.

"ಬೈಪಾಸ್ ಮಾಡ್ಕೊಡ್ತೀನಿ ಅಕ್ಕ. ಟೀ ಕುಡ್ದು ಬರೋದ್ರಲ್ಲಿ ಆಗೋಗುತ್ತೆ."

"ಬೈಪಾಸ್ ಕುಣಿಗಲ್‌ನಲ್ಲೇ ಮಾಡ್ಕೊಡ್ತೀನಿ ಅಂದ್ರು. ನಂಗೆ ಹೀಟರ್ ಬೇಕು ಅಣ್ಣ. ನಂಗಲ್ಲ, ಹುಳಕ್ಕೆ."

ಅವರು ಚಾಕಿ ಸಾಕುವವರು. ಎಂದರೆ, ರೇಷ್ಮೆ ಮೊಟ್ಟೆಯೊಡೆದು ಬಂದ ಮರಿಹುಳುಗಳನ್ನು ಎರಡು ಜ್ವರ ಕಳೆಯುವವರೆಗೆ ನೋಡಿಕೊಂಡು ರೈತರಿಗೆ ಹಂಚುವ ಕೆಲಸ. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ ಮಲಗುವುದಕ್ಕೆ ಹಾಗೆನ್ನುತ್ತಾರೆ. ಎದ್ದ ಹುಳುಗಳನ್ನು ತಟ್ಟೆಗಳಲ್ಲಿಟ್ಟು ಬೆಳಗಿನ ಜಾವವೇ ಹೆಬ್ಬೂರು, ಬೆಳ್ಳಾವಿ, ಗುಬ್ಬಿ ಕಡೆಯ ಮನೆಗಳಿಗೆ ಮುಟ್ಟಿಸಬೇಕು. ಡಿಸೆಂಬರಿನ ಮುಂಜಾವಿನ ಚಳಿ ತಗುಲಿದರೆ ಒಂದು ಹುಳು ಇವತ್ತು ಮುಂದಿನ ಜ್ವರಕ್ಕೆ ಹೋಗುತ್ತದೆ, ಇನ್ನೊಂದು ನಾಳೆ. ಮುಂದೆ ಗೂಡು ಕಟ್ಟುವಾಗ ಎಲ್ಲ ಏರುಪೇರು. ನೀಲಗಿರಿಯ ಟೀ ಎಸ್ಟೇಟಿನಿಂದ ಬಂದ ಆ ಕಾರನ್ನು ಅವರ ಯಜಮಾನರು ಹೀಟರ್ ಇದೆಯೆಂದೇ ಕೊಂಡಿದ್ದರಂತೆ. ಯಜಮಾನರು ತೀರಿಕೊಂಡ ಮೇಲೆ ಡ್ರೈವಿಂಗ್ ಕಲಿತು, ಹುಳುಗಳನ್ನೂ ಕಾರನ್ನೂ ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು.

"ಹೋದ ಸಲ ಬೆಳ್ಳಾವೀಲಿ ಹುಳ ಸೊಪ್ಪೇ ಮುಟ್ಲಿಲ್ಲ. ತಲೆ ಎತ್ಕೊಂಡು ಕೂತ್ಬಿಟ್ವು. ಹುಳಕ್ಕೆ ವಾಸ್ನೆ ಆಗಲ್ಲ ಅಣ್ಣ. ಈ ಸಲಾನೂ ಹಂಗಾದ್ರೆ ಅವ್ರೆಲ್ಲ ಬೇರೆ ಕಡೆಯಿಂದ ಹುಳ ತರಿಸ್ತಾರೆ. ಒಂದ್ಸಲ ಹೋದೋರು ತಿರುಗಿ ಬರಲ್ಲ."

ಆ ಸಲದ ಹುಳು ಆಗಲೇ ಮೊಟ್ಟೆಯೊಡೆದಿತ್ತು. ಎರಡನೇ ಜ್ವರ ಏಳುವುದರೊಳಗೆ ಕಾರು ಕೈಗೆ ಸಿಗಬೇಕು. ನಾನು ಒಪ್ಪಿದೆ. ಅವರು ಬಸ್ಸು ಹತ್ತಿ ಊರಿಗೆ ಹೋದರು.

ಡ್ಯಾಶ್‌ಬೋರ್ಡ್ ಬಿಚ್ಚುವುದು ಇಬ್ಬರ ಕೆಲಸ. ಒಬ್ಬ ಹಿಡಿದುಕೊಂಡರೆ ಇನ್ನೊಬ್ಬ ಬಿಚ್ಚಬೇಕು. ನಾನು ರೇಡಿಯೇಟರಿನ ನೀರು ಖಾಲಿ ಮಾಡಿ, ಹೀಟರ್ ಪೈಪು ಕಳಚಿ, ಸ್ಟೀರಿಂಗ್ ಚಕ್ರ ತೆಗೆದೆ. ಸ್ಪೀಡೋಮೀಟರ್ ಕೇಬಲ್ ಕಿತ್ತು, ವೈರುಗಳಿಗೆಲ್ಲ ಬಟ್ಟೆಯ ಚೂರು ಕಟ್ಟಿ ಗುರುತು ಮಾಡಿದೆ. ಬೆನ್ನ ಮೇಲೆ ಮಲಗಿ, ತಲೆಯನ್ನು ಪೆಡಲುಗಳ ನಡುವೆ ತೂರಿಸಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಒಮ್ಮೆ ಅಭ್ಯಾಸಬಲದಿಂದ "ಹತ್ತರ ಪಾನಾ ಕೊಡ್ಲಾ" ಎಂದು ಕೈ ಚಾಚಿಬಿಟ್ಟೆ. ಕೈ ಹಾಗೇ ಗಾಳಿಯಲ್ಲಿತ್ತು. ಆಮೇಲೆ ನಾನೇ ಹೊರಗೆ ತೆವಳಿ ಬಂದು ಸ್ಪ್ಯಾನರ್ ತೆಗೆದುಕೊಂಡು ಮತ್ತೆ ಒಳಗೆ ತೂರಿದೆ.

ಕೊನೆಯ ಬೋಲ್ಟುಗಳಿಗೆ ಮುಂಚೆ ಡ್ಯಾಶ್‌ಬೋರ್ಡು ಕೆಳಗೆ ಬೀಳದಂತೆ ಬಾಗಿಲುಗಳನ್ನು ತೆರೆದಿಟ್ಟು, ಕಾರಿನ ಚಾವಣಿಯ ಸುತ್ತ ಹಗ್ಗ ಬಿಗಿದು ತೂಗುಹಾಕಿದೆ. ಅದರ ಹಿಂದಿದ್ದ ಹೀಟರ್ ಪೆಟ್ಟಿಗೆ ಹೊರಬಂತು. ಒಳಗಿನ ಕೋರ್ ಹಸಿರು ಕಿಲುಬು ಹಿಡಿದು, ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡು ಕಲ್ಲಿನಂತಾಗಿತ್ತು.

ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಂಡಿಪೇಟೆ ಕಡೆಯ ರೇಡಿಯೇಟರ್ ಚಾಚಾ ಹತ್ತಿರ ಹೋದೆ. ಲಾರಿ, ಬಸ್ಸು, ಪಂಪ್‌ಸೆಟ್ಟು, ಯಾವ ರೇಡಿಯೇಟರ್ ಆದರೂ ಊರಿನವರು ಹೋಗುತ್ತಿದ್ದುದು ಅವರಲ್ಲಿಗೇ. ಅವರು ಕೋರಿನ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಪಂಪು ಸಿಕ್ಕಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಮೂಲೆಯಿಂದ ಗುಳ್ಳೆ ಎದ್ದಿತು. ಬೆಸುಗೆ ಹಾಕಿ ಮತ್ತೆ ಮುಳುಗಿಸಿದರು. ಗುಳ್ಳೆ ಬೇರೆ ಕಡೆಯಿಂದ ಎದ್ದಿತು. ಅಲ್ಲಿಗೂ ಹಾಕಿದರು. ಬೆಸುಗೆಯ ಬಿಸಿಗೆ ಪಕ್ಕದ ಕೊಳವೆಯೇ ಬಾಯಿ ಬಿಟ್ಟಿತು.

"ಇದ್ರಲ್ಲಿ ತಾಮ್ರಾನೇ ಉಳ್ದಿಲ್ಲ, ಬೇಟಾ. ಕಾಗದ ಆಗ್ಬಿಟ್ಟಿದೆ. ಹೊಸಾದು ತಗೊಂಬಾ" ಎಂದರು ಚಾಚಾ.

ಹೊಸದು ಎಲ್ಲಿಂದ ತರುವುದು? ತುಮಕೂರಿನ ಬಿಡಿಭಾಗದ ಅಂಗಡಿಗಳವರು ಕಾರಿನ ಹೆಸರು ಕೇಳಿಯೇ ನಕ್ಕರು. ಬೆಂಗಳೂರಿಗೆ ಹೋಗಿ ಹಳೆ ಸಾಮಾನಿನ ಗಲ್ಲಿಗಳಲ್ಲಿ ಇಡೀ ದಿನ ಅಲೆದೆ. ಅದೇ ಮಾದರಿಯ ಕಾರೊಂದು ಸಿಕ್ಕಿತು. ಅದರ ಹೀಟರ್ ಪೆಟ್ಟಿಗೆ ತೆರೆದು ನೋಡಿದರೆ ಕೋರ್ ಇರಬೇಕಾದ ಜಾಗದಲ್ಲಿ ಹೆಗ್ಗಣದ ಗೂಡಿತ್ತು.

ಮರುದಿನ ಬೆಳಿಗ್ಗೆ ನಾಚಿಕೆ ಬಿಟ್ಟು ಹೈವೇ ಪಕ್ಕದ ಸರ್ವಿಸ್ ಸೆಂಟರಿಗೆ ಹೋದೆ. ಪಾಲುದಾರನನ್ನು ಗೇಟಿನ ಹತ್ತಿರ ಕರೆಸಿದರು. ನೀಲಿ ಯೂನಿಫಾರ್ಮಿನಲ್ಲಿ ಅವನು ತೆಳ್ಳಗಾದಂತೆ ಕಂಡ. ಕೈಯ ಉಗುರುಗಳೆಲ್ಲ ಸ್ವಚ್ಛವಾಗಿದ್ದವು. ವಿಷಯ ಹೇಳಿದೆ.

"ಏನ್ಲಾ ನೀನು, ತುಮಕೂರಲ್ಲಿ ಹೀಟರ್ ಕಟ್ಕೊಂಡು ಒದ್ದಾಡ್ತಿದೀಯಾ? ಬೈಪಾಸ್ ಮಾಡಿ ಕಳ್ಸೋ."

"ಹುಳಕ್ಕೆ ಬೇಕು ಕಣೋ. ಒಂದಿನ ಬಾ. ಡ್ಯಾಶ್‌ಬೋರ್ಡ್ ಕೂರಿಸೋವಾಗ ಹಿಡ್ಕೊಂಡ್ರೆ ಸಾಕು."

ಅವನು ಒಳಗೆ ತಿರುಗಿ ನೋಡಿದ. "ಇಲ್ಲಿ ಹಂಗೆಲ್ಲ ಬಿಡಲ್ಲ ಕಣೋ. ಭಾನುವಾರಾನೂ ಡ್ಯೂಟಿ ಇದೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಂದ್ಬುಡೋ. ಕೇಳ್ತೀನಿ ಮ್ಯಾನೇಜರ್‌ನ" ಎಂದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ಅವನು ಓಡುನಡಿಗೆಯಲ್ಲಿ ಹೋದ. ನಮ್ಮ ಶೆಡ್ಡಿನಲ್ಲಿ ಅವನು ಓಡಿದ್ದನ್ನು ನಾನು ಕಂಡಿರಲಿಲ್ಲ.

ಅಲ್ಲಿಂದ ವಾಪಸು ನಡೆದು ಬರುವಾಗ ಯೋಚಿಸಿದೆ. ಹಳೆಯದು ದುರಸ್ತಿಯಾಗುವುದಿಲ್ಲ, ಹೊಸದು ಸಿಗುವುದಿಲ್ಲ. ಉಳಿದಿರುವುದು ಹೊಸದಾಗಿ ಕಟ್ಟುವುದೊಂದೇ. ಸೀದಾ ಚಾಚಾ ಹತ್ತಿರ ಹೋಗಿ ಹಾಗೆಂದೆ. ಅವರು ಬೇಡವೆನ್ನಲಿಲ್ಲ. ಗೋಡೆಗೆ ಒರಗಿಸಿದ್ದ, ಅಪಘಾತದಲ್ಲಿ ಒಂದು ಪಕ್ಕ ಮಾತ್ರ ನಜ್ಜುಗುಜ್ಜಾಗಿದ್ದ ವ್ಯಾನೊಂದರ ರೇಡಿಯೇಟರನ್ನು ಎಳೆದರು. ಅದರ ಚೆನ್ನಾಗಿದ್ದ ಭಾಗದಿಂದ ಒಂದು ತುಂಡು ಕತ್ತರಿಸಿ, ಎರಡು ಬದಿಗೂ ಹಿತ್ತಾಳೆ ತಗಡಿನ ತೊಟ್ಟಿ ಮಡಚಿ ಕೂರಿಸಿ, ಹಳೆಯ ಕೋರಿನ ಬಾಯಿಗಳನ್ನೇ ಕಿತ್ತು ಬೆಸುಗೆ ಹಾಕಿದರು. ಕೊಳವೆಗಳ ಅಂತರ ಬೇರೆಯಿದ್ದುದರಿಂದ ಹಳೆಯದಕ್ಕಿಂತ ಬೆರಳಿನಷ್ಟು ದಪ್ಪವಾಯಿತು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಇಬ್ಬರೂ ಬಗ್ಗಿ ನೋಡುತ್ತ ನಿಂತೆವು. ಒಂದೂ ಗುಳ್ಳೆ ಏಳಲಿಲ್ಲ.

ಆದರೆ ಅದು ಪೆಟ್ಟಿಗೆಯೊಳಗೆ ಹೋಗಲಿಲ್ಲ. ಪೆಟ್ಟಿಗೆಯ ಒಳಗೋಡೆಯಲ್ಲಿ ಕೋರನ್ನು ಹಿಡಿದಿಡುವ ಏಣು ಅಡ್ಡ ಬರುತ್ತಿತ್ತು. ಏಣು ಕೊಯ್ದರೆ ಆ ಪೆಟ್ಟಿಗೆಗೆ ಮುಂದೆಂದೂ ಕಂಪನಿಯ ಕೋರ್ ಕೂರುವುದಿಲ್ಲ. ಗರಗಸ ಹಿಡಿದು ಬಹಳ ಹೊತ್ತು ಕೂತೆ. ಪಾಲುದಾರನಿದ್ದಿದ್ದರೆ "ಕೊಯ್ಯೋ, ಏನಾಗುತ್ತೆ" ಎನ್ನುತ್ತಿದ್ದ. ಆಗ ಧೈರ್ಯ ಇಬ್ಬರದಾಗುತ್ತಿತ್ತು. ಈಗ ಒಬ್ಬನದೇ. ಕೊಯ್ದೆ. ಕೋರ್ ಒಳಗೆ ಕೂತಿತು. ಅದು ಅಲುಗದಂತೆ ತಗಡಿನ ಪಟ್ಟಿ ಬಿಗಿದೆ.

ಹೇಗೆ ಬಿಚ್ಚಿದ್ದೆನೋ ಹಾಗೇ ಹಗ್ಗದ ಸಹಾಯದಿಂದ ಡ್ಯಾಶ್‌ಬೋರ್ಡನ್ನು ವಾಪಸು ಕೂರಿಸಿದೆ. ಹೊಸ ಕೂಲೆಂಟ್ ತುಂಬಿ, ಎಂಜಿನ್ ಚಾಲೂ ಮಾಡಿ, ಪೈಪಿನೊಳಗಿನ ಗಾಳಿ ಹೊರಗೆ ಹೋಗುವವರೆಗೆ ಕಾದೆ. ಫ್ಯಾನು ಹಾಕಿದಾಗ ಅಂಗೈಗೆ ಒಳ್ಳೆಯ ಬಿಸಿಗಾಳಿ ಬಂತು. ಎಲ್ಲಿಯೂ ತೇವವಿಲ್ಲ. ಎಸ್‌ಟಿಡಿ ಬೂತಿನಿಂದ ಆ ಅಕ್ಕನ ಊರಿನ ಅಂಗಡಿಗೆ ಫೋನ್ ಮಾಡಿ ಹೇಳಿಕಳಿಸಿದೆ.

ಅವರು ಬಂದಾಗ ಕೈಯಲ್ಲಿ ಒದ್ದೆ ಬಟ್ಟೆ ಹೊದಿಸಿದ ಪುಟ್ಟ ತಟ್ಟೆಯೊಂದಿತ್ತು. ಬಸ್ಸಿನಲ್ಲಿ ಹಾಗೇ ಹಿಡಿದುಕೊಂಡು ಬಂದಿದ್ದರು. ಒಳಗೆ ಹೆಚ್ಚಿದ ಸೊಪ್ಪಿನ ಮೇಲೆ ಒಂದು ಹಿಡಿ ಹುಳು.

"ನಮ್ಮ ಮೂಗಿಗೆ ಗೊತ್ತಾಗಲ್ಲ. ಇವು ಹೇಳ್ತವೆ" ಎಂದರು.

ಕಾರನ್ನು ಶೆಡ್ಡಿನಿಂದ ಬಯಲಿಗೆ ತಂದು, ಹೊಗೆ ಹಿಂದಕ್ಕೆ ಹೋಗಲೆಂದು ಗಾಳಿಗೆ ಎದುರಾಗಿ ನಿಲ್ಲಿಸಿದೆ. ಇಬ್ಬರೂ ಮುಂದೆ ಕೂತೆವು. ತಟ್ಟೆಯನ್ನು ನಮ್ಮಿಬ್ಬರ ನಡುವೆ ಇಟ್ಟು, ಗಾಜು ಏರಿಸಿ, ಹೀಟರ್ ಹಾಕಿದೆ. ಅವರು ಎಳೆ ಸೊಪ್ಪನ್ನು ಸಣ್ಣಗೆ ಚೂರು ಮಾಡಿ ಉದುರಿಸಿದರು. ನಾನು ಮಾತಾಡಲು ಹೋದೆ. ಅವರು ಬೆರಳೆತ್ತಿದರು. ಹುಳುಗಳು ಮೊದಲು ಸೊಪ್ಪಿನ ಕಡೆ ಸರಿದವು. ಆಮೇಲೆ ಒಂದೊಂದಾಗಿ ನಿಂತವು. ಮುಂಭಾಗ ಮೇಲೆತ್ತಿ, ಏನನ್ನೋ ಆಲಿಸುವಂತೆ ಸುಮ್ಮನಾದವು. ಸೊಪ್ಪು ಹಾಗೇ ಉಳಿಯಿತು.

ಅವರು ತಟ್ಟೆಯನ್ನೆತ್ತಿಕೊಂಡು ಹೊರಗೆ ಹೋಗಿ ಮರದ ಕೆಳಗೆ ನಿಂತರು. ಗಾಳಿಗೆ ಬಂದ ಮೇಲೆ ಹುಳುಗಳು ಮೆಲ್ಲಗೆ ತಲೆ ತಗ್ಗಿಸಿ ತಿನ್ನತೊಡಗಿದವು.

"ಎದ್ದುಬಿಟ್ಟಿವೆ ಅಣ್ಣ, ಮೊದಲ್ನೇ ಜ್ವರದಿಂದ. ಇನ್ನು ಮೂರ್ನಾಕು ದಿನ. ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅಂತ ಹೇಳ್ಬಿಡಿ. ಪೈಪು ಸೇರಿಸ್ಕೊಡಿ. ಕಂಬಳಿ ಹೊದಿಸ್ಕೊಂಡು ಹೋಗ್ತೀನಿ."

ಅವರು ದೂರಿರಲಿಲ್ಲ. ಬೈದಿದ್ದರೆ ಪೈಪು ಸೇರಿಸಿ ಕಳಿಸುತ್ತಿದ್ದೆನೋ ಏನೋ. ಸೋರುತ್ತಿಲ್ಲವೆಂದು ನನಗೆ ಖಾತ್ರಿಯಿತ್ತು. ಹಾಗಾದರೆ ವಾಸನೆ ಎಲ್ಲಿಂದ? ಹೀಟರ್ ಪೆಟ್ಟಿಗೆಯ ಅಂಚುಗಳಿಗೆ, ಗಾಳಿಯ ಕೊಳವೆಗಳ ಸಂದುಗಳಿಗೆ ಹಳೆಯ ಸ್ಪಂಜು ಅಂಟಿಸಿರುತ್ತಾರೆ. ವರ್ಷಗಟ್ಟಲೆ ಸೋರಿದ ಕೂಲೆಂಟನ್ನು ಅದು ಕುಡಿದಿತ್ತು. ಬಿಸಿ ತಾಗಿದ ಕೂಡಲೇ ಬಿಡುತ್ತಿತ್ತು. ಅದಷ್ಟೂ ಹೊರಬರಬೇಕಾದರೆ ಡ್ಯಾಶ್‌ಬೋರ್ಡು ಮತ್ತೆ ಇಳಿಯಬೇಕು. ಕಾರಿನ ಕಡೆ ನೋಡಿದೆ. ಹಿಂದಿನ ದಿನವಷ್ಟೇ ಬಿಗಿದ ಬೋಲ್ಟುಗಳು. ಬೆನ್ನು ಇನ್ನೂ ನೋಯುತ್ತಿತ್ತು.

"ಕಾರು ಇಲ್ಲೇ ಇರ್ಲಿ ಅಕ್ಕ. ಇನ್ನೊಂದ್ ಸಲ ಬಿಚ್ತೀನಿ" ಎಂದೆ.

"ಸೋಪಲ್ಲಿ ತೊಳೀಬೇಡಿ. ಸೋಪಿನ ವಾಸ್ನೇನೂ ಆಗಲ್ಲ. ಅಂಟೂ ಬೇಡ" ಎಂದು, ಸ್ವಲ್ಪ ತಡೆದು, "ನೀವು ಬೀಡಿ ಸೇದ್ತೀರಾ?" ಎಂದು ಕೇಳಿದರು.

"ಇಲ್ಲ."

"ಸದ್ಯ."

ಎರಡನೇ ಸಲ ಬಿಚ್ಚುವಾಗ ಕೈ ತಾನಾಗಿಯೇ ಹೋಗುತ್ತಿತ್ತು. ಪೆಟ್ಟಿಗೆ, ಕೊಳವೆ, ಫ್ಯಾನು, ಗಾಳಿ ತಿರುಗಿಸುವ ರೆಕ್ಕೆ ಎಲ್ಲವನ್ನೂ ಬಿಡಿಬಿಡಿ ಮಾಡಿ, ಪುಡಿಪುಡಿಯಾಗುತ್ತಿದ್ದ ಸ್ಪಂಜನ್ನು ಚಾಕುವಿನಿಂದ ಹೆರೆದೆ. ಹಂಡೆಯಲ್ಲಿ ನೀರು ಕಾಯಿಸಿ, ಕೂಲೆಂಟಿನ ಜಿಡ್ಡು ಕೈಗೆ ತಾಗದಂತಾಗುವವರೆಗೆ ಬಿಸಿನೀರು ಬದಲಾಯಿಸುತ್ತ ತೊಳೆದೆ. ನೆನೆದ ಕಾರ್ಪೆಟ್ಟನ್ನೂ ಅದರ ಕೆಳಗಿನ ಸೆಣಬಿನ ಪದರವನ್ನೂ ಕಿತ್ತು ಎಸೆದೆ. ಎಲ್ಲವನ್ನೂ ಶೆಡ್ಡಿನ ಮುಂದೆ ಬಿಸಿಲಿಗೆ ಹರಡಿದೆ. ಡಿಸೆಂಬರಿನ ಬಿಸಿಲು, ಒಣಗುವುದು ನಿಧಾನ. ನೆರಳು ಸರಿದಂತೆಲ್ಲ ಸಾಮಾನುಗಳನ್ನು ಸರಿಸುತ್ತ ಅಲ್ಲೇ ಕೂತಿದ್ದೆ. ದಾರಿಹೋಕರೊಬ್ಬರು ನಿಂತು "ಗುಜರೀಗೆ ಹಾಕ್ತಿದೀರಾ?" ಎಂದು ಕೇಳಿ ಹೋದರು. ಅವತ್ತು ನನ್ನನ್ನು ಮಾತಾಡಿಸಿದವರು ಅವರೊಬ್ಬರೇ.

ಸಂದು ಮುಚ್ಚಲು ಹೊಸ ಸ್ಪಂಜು ಹಾಕುವಂತಿರಲಿಲ್ಲ; ಅಂಟಿಲ್ಲದೆ ಅದು ನಿಲ್ಲುವುದಿಲ್ಲ. ಒಗೆದು ಒಗೆದು ಮೆತ್ತಗಾಗಿದ್ದ ನನ್ನ ಹಳೆಯ ಪಂಚೆಗಳನ್ನು ಬರೀ ನೀರಿನಲ್ಲಿ ಕುದಿಸಿ ಒಣಗಿಸಿದೆ. ಪಟ್ಟಿಪಟ್ಟಿಯಾಗಿ ಹರಿದು, ನಾಲ್ಕು ಮಡಿಕೆ ಮಾಡಿ, ದಬ್ಬಣದಿಂದ ಹೊಲಿದು, ಅಂಚುಗಳಿಗೆ ದಾರದಿಂದ ಬಿಗಿಯಾಗಿ ಕಟ್ಟಿದೆ. ಹೊಲಿಗೆ ನೋಡಲು ಚೆನ್ನಾಗಿರಲಿಲ್ಲ. ಗಾಳಿ ಮಾತ್ರ ಎಲ್ಲಿಯೂ ತೂರುತ್ತಿರಲಿಲ್ಲ.

ಮತ್ತೆ ಡ್ಯಾಶ್‌ಬೋರ್ಡು ಕೂರಿಸಿ ಫೋನ್ ಮಾಡಿದೆ. ಅವರು ಮತ್ತೆ ತಟ್ಟೆ ಹಿಡಿದು ಬಂದರು. ಮತ್ತೆ ಕಾರು ಬಯಲಿಗೆ, ಮತ್ತೆ ನಾವಿಬ್ಬರೂ ಮುಂದಿನ ಸೀಟಿನಲ್ಲಿ. ಗಾಜು ಏರಿಸಿದ ಮೇಲೆ ಹೊರಗಿನ ರಸ್ತೆಯ ಸದ್ದು ಕುಗ್ಗಿತು. ಸೊಪ್ಪು ಉದುರಿಸಿದರು. ಹುಳುಗಳು ಸರಿದವು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಒಂದು ಹುಳು ತಲೆಯೆತ್ತಿತು. ಅದು ಅತ್ತಿತ್ತ ಆಡಿಸಿ, ಪಕ್ಕದ ಚೂರಿನ ಅಂಚಿಗೆ ಬಾಯಿ ಹಾಕಿತು. ಎಲೆಯ ಅಂಚು ಸಣ್ಣಗೆ ಬಾಗುತ್ತ ಬಂತು. ಆಮೇಲೆ ಇನ್ನೊಂದು, ಮತ್ತೊಂದು.

"ತಿಂತಾವೆ" ಎಂದೆ.

"ತಿಂತಾವೆ" ಎಂದರು ಅವರೂ. ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು. "ನಾನು ಇವುಗಳ ಹತ್ರ ಮಾತಾಡ್ತಾ ಇರ್ತೀನಿ ಅಣ್ಣ. ಊರೋರು ಹುಚ್ಚು ಅಂತಾರೆ. ಮನೇಲಿ ಮತ್ಯಾರಿದಾರೆ? ನೀವು?"

"ನಾನು ಯಾರ ಹತ್ರಾನೂ ಮಾತಾಡಲ್ಲ" ಎಂದೆ. ಅದು ಹೇಗೆ ಕೇಳಿಸಿತೋ, ಅವರು ಸೊಪ್ಪಿನ ಕಡೆಗೆ ತಿರುಗಿ ಇನ್ನಷ್ಟು ಚೂರು ಉದುರಿಸಿದರು.

ಹುಳು ಹಂಚುವ ದಿನ ನಾನೂ ಜೊತೆಗೆ ಬರುತ್ತೇನೆಂದು ಹೇಳಿ, ಅವರಿಗೆ ಕಾರು ಕೊಟ್ಟು ಕಳಿಸಿದೆ. ದಾರಿಯ ಕುಲುಕಾಟಕ್ಕೆ ಚಾಚಾ ಹಾಕಿದ ಬೆಸುಗೆ ನಿಲ್ಲುತ್ತದೋ ಇಲ್ಲವೋ ನೋಡಬೇಕಿತ್ತು. ಬೆಳಗಿನ ಮೊದಲ ಬಸ್ಸಿಗೆ ಹೆಬ್ಬೂರಿಗೆ ಹೋಗಿ ಸ್ಟಾಪಿನಲ್ಲಿ ನಿಂತಿದ್ದೆ. ಇಬ್ಬನಿಯಲ್ಲಿ ಕೆನೆ ಬಣ್ಣದ ಕಾರು ಕುಣಿಗಲ್ ಕಡೆಯಿಂದ ಬಂತು. ಹಿಂದೆ ತಟ್ಟೆಗಳ ಮೇಲೆ ತಟ್ಟೆ, ನಡುವೆ ಒದ್ದೆ ಬಟ್ಟೆ, ತೂಗುಹಾಕಿದ ಥರ್ಮಾಮೀಟರ್. ಒಳಗೆ ಕೂತರೆ ತೆಳ್ಳನೆಯ ಬಿಸುಪು. ಮುಂದಿನ ಗಾಜಿನ ಮೇಲೆ ಮಂಜಿರಲಿಲ್ಲ.

ಹೆಬ್ಬೂರಿನ ಎರಡು ಮನೆಗೆ ಇಳಿಸಿ, ತುಮಕೂರು ದಾಟಿ ಬೆಳ್ಳಾವಿಗೆ ಹೋದೆವು. ಹೋದ ಸಲ ಹುಳು ಕೆಟ್ಟಿದ್ದ ಮನೆಯ ರೈತರು ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ಹತ್ತಿರ ಬಂದು, ಕಾರಿನೊಳಗೆ ತಲೆ ತೂರಿಸಿ ಮೂಸಿದರು. ತಟ್ಟೆಯ ಬಟ್ಟೆ ಸರಿಸಿ ನೋಡಿದರು.

"ಬೇರೆ ಕಡೆ ಹೇಳ್ಬುಟ್ಟಿದ್ದೆ ಕಣವ್ವ" ಎಂದರು. ಇನ್ನೊಮ್ಮೆ ಮೂಸಿದರು. "ಈಗೇನೂ ವಾಸ್ನೆ ಇಲ್ಲ. ಹುಳಾನೂ ಒಂದೇ ಸಮ ಎದ್ದವೆ. ಆಯ್ತು ಬುಡು, ಇಳ್ಸು."

ಕೊನೆಯ ತಟ್ಟೆಗಳು ಇಳಿದದ್ದು ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿ. ಬಿಸಿಲು ಬಂದಿತ್ತಾದರೂ ಕೆರೆಯ ಕಡೆಯ ಗಾಳಿ ಕೊರೆಯುತ್ತಿತ್ತು. ತಟ್ಟೆ ಇಳಿಸಿ ಒದ್ದೆಯಾಗಿದ್ದ ಕೈಗಳನ್ನು ಉಜ್ಜಿಕೊಳ್ಳುತ್ತ ನಾನು ಕಾರಿನಲ್ಲಿ ಕೂತೆ. ಅವರು ಕಾರು ತಿರುಗಿಸಿ ರಸ್ತೆಗೆ ತಂದು, ಹೀಟರಿನ ಸ್ವಿಚ್ಚಿಗೆ ಕೈ ಹಾಕಿದರು.

"ಹುಳ ಇಳಿದ್ಮೇಲೆ ಆಫ್ ಮಾಡ್ಬಿಡ್ತೀನಿ, ಯಾವಾಗ್ಲೂ" ಎಂದರು. ನನ್ನ ಕೈಗಳ ಕಡೆ ನೋಡಿದರು. ಸ್ವಿಚ್ಚಿನ ಮೇಲಿನ ಕೈ ಹಾಗೇ ನಿಂತಿತು. ಆಮೇಲೆ ಸ್ಟೀರಿಂಗಿಗೆ ವಾಪಸು ಹೋಯಿತು.

"ಇರ್ಲಿ ಬಿಡಿ. ನಿಮ್ಗೂ ಚಳಿ ಅಲ್ವಾ."

ಗುಬ್ಬಿಯಿಂದ ತುಮಕೂರಿನವರೆಗೆ ಹಿಂದೆ ಖಾಲಿ ತಟ್ಟೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಗ್ಯಾರೇಜಿನ ಮುಂದೆ ಕಾರು ನಿಂತಿತು. ಶಟರ್ ಮುಚ್ಚಿತ್ತು, ಮುಂದೆ ಯಾರೂ ಕಾಯುತ್ತಿರಲಿಲ್ಲ. ಇಳಿಯಬೇಕಿತ್ತು. ಬೋಲ್ಟು ಸಡಿಲಾಗಿದೆಯೋ ಏನೋ ನೋಡುತ್ತೇನೆಂದು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದೆ. ಯಾವುದೂ ಸಡಿಲಾಗಿರಲಿಲ್ಲ. ಬಿಸಿಗಾಳಿ ಮೊಣಕೈವರೆಗೆ ಬರುತ್ತಿತ್ತು. ಕೈಯನ್ನು ಅಲ್ಲೇ ಇಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತೆ. ಅವರೂ ಎಂಜಿನ್ ಚಾಲೂ ಇಟ್ಟು, ರಸ್ತೆ ನೋಡುತ್ತ ಕೂತಿದ್ದರು.